ಕೆಳಗಿನ ಬೀಗದ ಕೈ

ನನ್ನ ಸೀರೆಗಳೆಲ್ಲ ಒಂದೇ ಜಾಗದಲ್ಲಿ ಹರಿಯುತ್ತವೆ. ಸೆರಗು ಗಟ್ಟಿಯಾಗಿಯೇ ಇರುತ್ತದೆ, ಅಂಚಿನ ಬಣ್ಣ ಮಾಸಿರುವುದಿಲ್ಲ, ನೆರಿಗೆಯ ಕಡೆ ಸೂಜಿ ಮುಟ್ಟಿಸುವ ಪ್ರಮೇಯವೇ ಬಂದಿರುವುದಿಲ್ಲ. ಎಡಸೊಂಟದ ಹತ್ತಿರ ಅಂಗೈಯಗಲ ಮಾತ್ರ ಬಟ್ಟೆ ಜಾಳುಜಾಳಾಗಿ, ಬೆಳಕಿಗೆ ಹಿಡಿದರೆ ಹಿಟ್ಟಿನ ಜರಡಿಯ ಹಾಗೆ ಕಾಣುತ್ತದೆ. ಬಹಳ ವರ್ಷ ನಾನು ಇದಕ್ಕೆ ಸಕಲೇಶಪುರದ ಬಟ್ಟೆ ಅಂಗಡಿಯವನನ್ನೇ ಹೊಣೆ ಮಾಡಿದ್ದೆ. ಒಂದು ಸಲ ಹರಿದ ಸೀರೆಯನ್ನು ಅವನ ಮುಂದೆ ಹರವಿ ನ್ಯಾಯ ಕೇಳಿದಾಗ, ಆ ಪುಣ್ಯಾತ್ಮ ಸೀರೆಯನ್ನು ನೋಡದೆ ನನ್ನ ಸೊಂಟವನ್ನು ನೋಡಿ, “ಅಮ್ಮಾ, ಅಲ್ಲಿ ಅದೇನು ಕತ್ತಿ ಸಿಕ್ಕಿಸ್ಕಂಡಿದೀರಾ?” ಎಂದು ಕೇಳಿದ. ಕತ್ತಿಯಲ್ಲ, ಬೀಗದ ಕೈ. ವನಗೂರಿನ ಮೇಲಿನ ಎಸ್ಟೇಟಿನಲ್ಲಿರುವ ಏಲಕ್ಕಿ ಸ್ಟೋರಿನ ಕೆಳಗಿನ ಬೀಗದ ಕೈ. ಗೇಣುದ್ದದ ಆ ಕಬ್ಬಿಣ ಇಪ್ಪತ್ತೈದು ವರ್ಷದಿಂದ ನನ್ನ ಸೊಂಟದಲ್ಲೇ ಸಂಸಾರ ಹೂಡಿತ್ತು. ಈಗ ಇಲ್ಲ. ಅದು ಹೋದ ಬಗೆಯನ್ನು ಹೇಳಲೆಂದೇ ಕೂತಿದ್ದೇನೆ. ಇದ್ದದ್ದನ್ನು ಕೊಟ್ಟು ಕೂತವಳು ಇಷ್ಟು ಹಿಗ್ಗಿಕೊಂಡು ಬರೆಯುವುದನ್ನು ನೀವು ನೋಡಿರಲಾರಿರಿ, ಸ್ವಲ್ಪ ಸೈರಿಸಿಕೊಳ್ಳಿ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮಿಕ್ಕ ವಿದ್ಯೆಯೆಲ್ಲ ಅಂಗಡಿಯಿಂದ ಸಾಮಾನು ಕಟ್ಟಿಸಿಕೊಂಡು ಬಂದ ಪೇಪರಿನ ಚೂರುಗಳಿಂದ ಪ್ರಾಪ್ತವಾದದ್ದು. ಬೇಳೆ ಡಬ್ಬಕ್ಕೆ ಸುರಿದ ಮೇಲೆ ಆ ಚೂರನ್ನು ತೊಡೆಯ ಮೇಲೆ ಸವರಿ, ನೀವಿ, ಅಕ್ಷರ ಬಿಡದೆ ಓದುತ್ತೇನೆ. ಆದರೆ ಪೇಪರು ಹರಿದಲ್ಲಿಗೆ ಸುದ್ದಿಯೂ ಹರಿಯುವುದರಿಂದ ಲೋಕದ ಬಹಳಷ್ಟು ಸಂಗತಿಗಳ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ. ಈ ಒಂದು ಸಂಗತಿಯ ಕೊನೆಯನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ನನ್ನ ಮೊಮ್ಮಗಳು ಸಿಂಚನ. ಹಾಸನದ ಒಂದು ಕಚೇರಿಯಲ್ಲಿ ಕೆಲಸ. ಬೇರೆ ಬೇರೆ ಸಂಸ್ಥೆಗಳಲ್ಲಿ ಕೆಲಸ ಕ್ರಮವಾಗಿ ನಡೆಯುತ್ತಿದೆಯೇ ಎಂದು ನೋಡಿ ಹೇಳುವ ಕಚೇರಿಯಂತೆ. ಅಲ್ಲಿಯವರು ಇವಳನ್ನು ಒಂದು ತರಬೇತಿಗೆ ಹಾಕಿದರು. ಏನು ತರಬೇತಿ ಮಗಾ ಎಂದರೆ “ಆಂತರಿಕ ನಿಯಂತ್ರಣ ವ್ಯವಸ್ಥೆ ರೂಪಿಸೋದು ಅಜ್ಜಿ” ಎಂದಳು. ಆಂತರಿಕ ಎಂದರೆ ಒಳಗಿನದು, ನಿಯಂತ್ರಣ ಎಂದರೆ ಹತೋಟಿ. ಒಳಗಿನ ಹತೋಟಿ ತಪ್ಪುವುದು ಸಕ್ಕರೆ ಕಾಯಿಲೆಯವರಿಗೆ. ಈ ವಯಸ್ಸಿಗೇ ಇದೇನು ಗ್ರಹಚಾರ ಎಂದು ನಾನು ಮರುದಿನವೇ ಬೆಳಗೋಡಿನ ಬಸ್ಸು ಹಿಡಿದು ಎರಡು ಕಿಲೋ ಹಾಗಲಕಾಯಿ ತಂದಿಟ್ಟೆ. ಸಿಂಚನ ಬಂದು, ಹಾಗಲಕಾಯಿಯ ರಾಶಿಯನ್ನೂ ನನ್ನ ಮುಖವನ್ನೂ ನೋಡಿ, ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡು, ಆಮೇಲೆ ಬಿಡಿಸಿ ಹೇಳಿದಳು.

“ಅಜ್ಜಿ, ಯಾವುದೇ ಜಾಗದಲ್ಲೂ ಎಲ್ಲಾ ಒಬ್ರ ಕೈಲೇ ಇರ್ಬಾರ್ದು. ತೆಗೆಯೋರು ಒಬ್ರು, ಬರೆಯೋರು ಒಬ್ರು, ನೋಡೋರು ಇನ್ನೊಬ್ರು. ತಪ್ಪು ಮಾಡ್ತೀನಿ ಅಂದ್ರೂ ದಾರಿ ಸಿಗ್ಬಾರ್ದು. ಗೊತ್ತಿಲ್ದೆ ತಪ್ಪಾದ್ರೆ ಬೇಗ ಕಾಣ್ಬೇಕು. ಹಂಗೆ ಕೆಲಸನ ಹಂಚಿಡೋದೇ ಈ ವಿದ್ಯೆ.”

“ಅಯ್ಯೋ, ಇದ್ಕೆ ಹಾಸನಕ್ಕೆ ಹೋಗ್ಬೇಕಾ? ನಮ್ಮ ಸ್ಟೋರ್ ಬಾಗ್ಲಲ್ಲೇ ಐತಲ್ಲ!” ಎಂದುಬಿಟ್ಟೆ.

ಈ ಮಾತು ಆಡದೆ ಇದ್ದಿದ್ದರೆ ಕೀ ಇವತ್ತಿಗೂ ನನ್ನ ಸೊಂಟದಲ್ಲೇ ಇರುತ್ತಿತ್ತು.

ಏಲಕ್ಕಿ ಎಂಬುದು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಬೆಳೆ. ಕಾಫಿ ಮೂಟೆ ಹೊತ್ತು ಹೋಗುವವನು ನಾಲ್ಕು ಜನಕ್ಕೆ ಕಾಣುತ್ತಾನೆ. ಏಲಕ್ಕಿ ಬಾಯಲ್ಲೇ ಹೋಗಬಹುದು. ಅದಕ್ಕೇ ನಮ್ಮ ಎಸ್ಟೇಟಿನ ಒಡತಿ, ನಾವೆಲ್ಲ ಅಮ್ಮಾವ್ರು ಎನ್ನುವವರು, ಸ್ಟೋರಿನ ಬಾಗಿಲಿಗೆ ಮೇಲೊಂದು ಕೆಳಗೊಂದು ಬೀಗ ಹಾಕಿಸಿದ್ದರು. ಮೇಲಿನದರ ಕೀ ಲೆಕ್ಕ ಬರೆಯುವ ರೈಟರ್ ಬಸಪ್ಪನವರ ಹತ್ತಿರ, ಕೆಳಗಿನದು ಆಳುಗಳ ಮೇಸ್ತ್ರಿಯಾಗಿದ್ದ ನಮ್ಮೆಜಮಾನರ ಹತ್ತಿರ. ಇಬ್ಬರೂ ಬಂದರಷ್ಟೇ ಬಾಗಿಲು. ಇಬ್ಬರಿಗೂ ಮಾತಿರಲಿಲ್ಲ. ಪೇಟೆಗೆ ಇಳಿಯುವ ಎಸ್ಟೇಟ್ ಜೀಪಿನಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರುವ ಹಕ್ಕು ಯಾರದು ಎಂಬ ಗಹನವಾದ ವಿಷಯದಲ್ಲಿ ಹುಟ್ಟಿದ ವೈರ ಅದು. ಇಬ್ಬರೂ ಬಿಟ್ಟುಕೊಡದೆ ಇಬ್ಬರೂ ಹಿಂದೆಯೇ ಕೂತು, ಮುಂದಿನ ಸೀಟಿನಲ್ಲಿ ವರ್ಷಗಟ್ಟಲೆ ಮೆಣಸಿನ ಚೀಲವೊಂದು ಗೌರವದಿಂದ ಪ್ರಯಾಣ ಮಾಡಿತು.

ಹೀಗಿರುವಾಗ ನನ್ನ ಮಗನೂ ರೈಟರ ಮಗಳೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡುಬಿಟ್ಟರು. ಮದುವೆಯಾಯಿತು. ಗಂಡಸರಿಬ್ಬರೂ ಬೀಗರಾದರು, ಬೀಗಿದರು, ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗಿದರು. ತಿಂಗಳೊಳಗೆ ಒಬ್ಬರ ಕೀ ಇನ್ನೊಬ್ಬರ ಜೇಬಿಗೆ ಬಂತು. ಒಂದು ಬೆಳಿಗ್ಗೆ ಅಮ್ಮಾವ್ರು ಸ್ಟೋರಿನ ಹತ್ತಿರ ಬಂದಾಗ ನಮ್ಮೆಜಮಾನರು ಒಬ್ಬರೇ, ಶಿಳ್ಳೆ ಹಾಕುತ್ತಾ, ಎರಡೂ ಬೀಗ ತೆಗೆಯುತ್ತಿದ್ದರು. ಅಮ್ಮಾವ್ರು ಬೈಯಲಿಲ್ಲ. ನೋಡಿದರು, ಹೋದರು. ಮಾರನೆಯ ದಿನ ಗಂಡಸರ ಹತ್ತಿರವಿದ್ದ ಎರಡೂ ಕೀ ಇಸಿದುಕೊಂಡು, ರೈಟರ ಹೆಂಡತಿ ಗಂಗಮ್ಮನನ್ನೂ ನನ್ನನ್ನೂ ಕರೆಸಿ, ಮೇಲಿನದನ್ನು ಅವಳಿಗೂ ಕೆಳಗಿನದನ್ನು ನನಗೂ ಕೊಟ್ಟು, ಇನ್ನು ಮೇಲೆ ಸ್ಟೋರು ತೆಗೆದು ಏಲಕ್ಕಿ ಆರಿಸುವ ಕೆಲಸ ನಮ್ಮಿಬ್ಬರದು ಎಂದರು.

ಯಾಕೆ ನಾವೇ? ಅಮ್ಮಾವ್ರು ಬೀಗರೂಟಕ್ಕೆ ಬಂದಿದ್ದರು. ಆ ಪಂಕ್ತಿಯಲ್ಲಿ ಗಂಗಮ್ಮ ನಾನು ಮಾಡಿದ ಸಾರನ್ನು ಬಾಯಿಗಿಟ್ಟು, ಊರಿಗೆಲ್ಲ ಕೇಳುವ ಹಾಗೆ, “ಯಾರಪ್ಪಾ ಅಲ್ಲಿ, ಒಸಿ ಉಪ್ಪು ತರ್ತೀರಾ?” ಎಂದಿದ್ದಳು. ನಾನು ಸೌಟು ಹಿಡಿದುಕೊಂಡೇ, “ಮಗಳ್ನ ಕಳಿಸ್ದೋರು ಉಪ್ಪನ್ನೂ ಜೊತೇಲೇ ಕಳಿಸ್ಬೇಕಿತ್ತು ಬೀಗಿತ್ತಮ್ಮ” ಎಂದಿದ್ದೆ. ಅಲ್ಲಿಂದ ಇಬ್ಬರಿಗೂ ಮಾತು ನಿಂತಿತ್ತು. ಗಂಡಸರ ಜಗಳ ಕರಗಿದ ಜಾಗಕ್ಕೆ ಅಮ್ಮಾವ್ರು ಹೆಂಗಸರ ಜಗಳವನ್ನು ತಂದು ಕೂರಿಸಿದ್ದರು.

ದಿನಾ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಬಾಗಿಲ ಮುಂದೆ ನಿಲ್ಲುತ್ತಿದ್ದೆವು. ಮಾತಿಲ್ಲ, ಏನಿದ್ದರೂ ಬಾಗಿಲಿಗೆ ಹೇಳುವುದು. “ಬಾಗ್ಲೇ, ಕೆಲವ್ರಿಗೆ ಎಂಟು ಗಂಟೆ ಅಂದ್ರೆ ಎಂಟೂವರೆ ಕಣೇ” ಎಂದು ನಾನು. “ಬಾಗ್ಲೇ, ಕೆಲವ್ರಿಗೆ ಗಡಿಯಾರಕ್ಕಿಂತ ಬಾಯಿ ಮುಂದು ಕಣೇ” ಎಂದು ಅವಳು. ಸಂಜೆ ಹೊರಡುವಾಗ ಹೊಸ್ತಿಲ ಮೇಲೆ ನಿಂತು, ನಾನು ಕದ್ದಿಲ್ಲ ನೋಡು ಎಂದು ತೋರಿಸುವುದಕ್ಕೆ ಸೆರಗು ಬಿಚ್ಚಿ, ಮಡಿಲು ಬಿಚ್ಚಿ, ಮೊರದ ಮೇಲೆ ಪಟಪಟ ಕೊಡವುತ್ತಿದ್ದೆ. ನನಗಿಂತ ಜೋರಾಗಿ ಅವಳು ಕೊಡವುತ್ತಿದ್ದಳು. ಮೊರಕ್ಕೆ ಒಂದೆರಡು ಸಲ ಸೆರಗಿಗೆ ಸಿಕ್ಕಿಕೊಂಡಿದ್ದ ಕಾಯಿ ಬಿದ್ದದ್ದೂ ಉಂಟು. ಬಿದ್ದ ದಿನ ಕೊಡವಿದವಳ ಮುಖ ನೋಡಬೇಕಿತ್ತು.

ನಾಲ್ಕು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ಸಿಂಚನ ಹುಟ್ಟಿ, ನನ್ನ ಎಡಸೊಂಟ ಏರಿ, ನಡೆಯುವುದನ್ನೂ ಕಲಿತಿದ್ದಳು. ಮೂರು ವರ್ಷದ ಕೂಸನ್ನು ಸ್ಟೋರಿನಲ್ಲಿ ಕೂರಿಸಿಕೊಂಡು ಕಾಯಿ ಆರಿಸುತ್ತಿದ್ದಾಗ, ಸದ್ದೇ ಇಲ್ಲವಲ್ಲ ಎಂದು ತಿರುಗಿ ನೋಡಿದರೆ, ಮಗು ಮೂಗಿನ ಹೊಳ್ಳೆಗೆ ಒಂದು ಏಲಕ್ಕಿ ತುರುಕಿಕೊಂಡು, ಕಣ್ಣು ಕಣ್ಣು ಬಿಡುತ್ತಾ ಕೂತಿತ್ತು.

“ಪುಟ್ಟಮ್ಮಾ! ತಲೆ ಹಿಡ್ಕಳೇ!” ಎಂದು ಗಂಗಮ್ಮ ಕೂಗಿದಳು. ನಾಲ್ಕು ವರ್ಷದಲ್ಲಿ ಬಾಗಿಲಿಗಲ್ಲದೆ ನನಗೇ ಆಡಿದ ಮೊದಲ ಮಾತು ಅದು.

ನಾನು ತಲೆ ಹಿಡಿದೆ. ಅವಳು ಕುಪ್ಪಸದೊಳಗಿಂದ ಒಂದು ಪುಟ್ಟ ನಶ್ಯದ ಡಬ್ಬಿ ತೆಗೆದಳು. ಗಂಗಮ್ಮ ನಶ್ಯ ಹಾಕುತ್ತಾಳೆಂಬುದು ಅವಳ ಗಂಡನಿಗೂ ಗೊತ್ತಿರಲಿಲ್ಲ! ಇನ್ನೊಂದು ಹೊಳ್ಳೆಗೆ ಒಂದು ಚಿಟಿಕೆ ತೋರಿಸಿದ್ದೇ ತಡ, ಮಗು ಒಂದು ಸೀನು ಸೀನಿತು ನೋಡಿ, ಕಾಯಿ ಬಂದೂಕಿನ ಗುಂಡಿನ ಹಾಗೆ ಹಾರಿ, ನೆಟ್ಟಗೆ ಹೋಗಿ, ಆರಿಸಿಟ್ಟಿದ್ದ ಏಲಕ್ಕಿಯ ರಾಶಿಯಲ್ಲಿ ಬಿತ್ತು. ಮಗುವನ್ನು ಅಪ್ಪಿಕೊಂಡು ಅತ್ತು ಮುಗಿಸಿದ ಮೇಲೆ ಇಬ್ಬರೂ ಆ ಕಾಯಿಯನ್ನು ಹುಡುಕಲು ಕೂತೆವು. ಎಲ್ಲವೂ ಹಸಿರು, ಎಲ್ಲವೂ ಒಂದೇ ಅಳತೆ. ಮೂಸಿ ನೋಡಿದರೆ ಎಲ್ಲಕ್ಕೂ ಏಲಕ್ಕಿಯದೇ ವಾಸನೆ. ಕೊನೆಗೆ ಅದು ಯಾವ ಶ್ರೀಮಂತರ ಮನೆಯ ಪಾಯಸದಲ್ಲಿ ಘಮಘಮಿಸಿತೋ ಆ ದೇವರೇ ಬಲ್ಲ. ಈ ಯೋಚನೆ ಇಬ್ಬರಿಗೂ ಒಟ್ಟಿಗೇ ಬಂದು, ಒಬ್ಬರನ್ನೊಬ್ಬರು ನೋಡಿ, ನಗು ತಡೆಯಲಾರದೆ ಚೀಲದ ಮೇಲೆ ಬಿದ್ದು ನಕ್ಕೆವು. ನಾಲ್ಕು ವರ್ಷದ ಉಪ್ಪಿನ ಜಗಳ ಅಲ್ಲಿಗೆ ಕರಗಿತು.

ಕರಗಿದ ಮೇಲೆ ಭಯ ಹುಟ್ಟಿತು. ನಮ್ಮ ಜಗಳವೇ ನಮ್ಮ ಕೆಲಸದ ಅರ್ಹತೆಯಲ್ಲವೇ? ನಾವು ಒಂದಾದೆವೆಂದು ಅಮ್ಮಾವ್ರಿಗೆ ಗೊತ್ತಾದರೆ, ಗಂಡಸರ ಕೈಯಿಂದ ಹೋದಂತೆ ನಮ್ಮ ಕೈಯಿಂದಲೂ ಕೀ ಹೋಗುತ್ತದೆ. ಆದ್ದರಿಂದ ಹೊರಗೆ ಜಗಳ, ಒಳಗೆ ಸ್ನೇಹ ಎಂದು ಒಪ್ಪಂದವಾಯಿತು. ಬಾಗಿಲ ಮುಂದೆ ಬಾಗಿಲಿಗೇ ಬೈಗುಳ, ಒಳಗೆ ಹೋಗಿ ಬಾಗಿಲು ಓರೆ ಮಾಡಿದ ಕೂಡಲೇ, “ಏನ್ ತಂದಿದೀಯೇ ಬುತ್ತಿಗೆ?” ಅವಳ ಅಕ್ಕಿರೊಟ್ಟಿ ನನಗೆ, ನನ್ನ ಕೆಸುವಿನ ಪಲ್ಯ ಅವಳಿಗೆ. ಇಪ್ಪತ್ತು ವರ್ಷಕ್ಕೂ ಮೇಲೆ ಈ ನಾಟಕ ಆಡಿದೆವು. ಮಗುವಿನ ಬಾಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಸಿಂಚನಳ ಎದುರಿಗೂ ಆಡಿದೆವು. ಪಾಪದ ಕೂಸು, “ಗಂಗಜ್ಜಿ, ಹಬ್ಬಕ್ಕೆ ಬರ್ಬೇಕಂತೆ, ಆದ್ರೆ ಅಜ್ಜಿ ಕರ್ದಿಲ್ವಂತೆ” ಎಂದು ರಾಯಭಾರ ಮಾಡಿಕೊಂಡೇ ಬೆಳೆಯಿತು.

ಈಗ ತರಬೇತಿಯ ಕಡೆಗೆ ಬರುತ್ತೇನೆ. ಅದರ ಕೊನೆಯಲ್ಲಿ ಪ್ರತಿಯೊಬ್ಬರೂ ಒಂದು ನಿಜವಾದ ಜಾಗವನ್ನು ಆರಿಸಿಕೊಂಡು, ಅಲ್ಲಿಯ ನಿಯಂತ್ರಣ ವ್ಯವಸ್ಥೆಯನ್ನು ರೂಪಿಸಿ, ಅಲ್ಲಿಯವರಿಗೇ ಪಾಠ ಮಾಡಬೇಕಂತೆ. ಹಾಸನದಿಂದ ಒಬ್ಬರು ಸರ್ ಬಂದು ಕೂತು ನೋಡುತ್ತಾರಂತೆ. “ಸರ್ ಒಪ್ಪಿದ್ರೆ ಮುಂದಿನ ತಿಂಗಳಿಂದ ನಾನೇ ಟ್ರೈನರ್ ಅಜ್ಜಿ. ಒಪ್ಪದಿದ್ರೆ ಮತ್ತೆ ಅದೇ ಕಾಗದ ಜೋಡ್ಸೋ ಮೇಜು” ಎಂದಳು ಸಿಂಚನ. ನಾನು ಬಾಯಿ ಬಿಟ್ಟದ್ದೇ ನೆಪವಾಗಿ ಅವಳು ಆರಿಸಿಕೊಂಡದ್ದು ನಮ್ಮ ಏಲಕ್ಕಿ ಸ್ಟೋರನ್ನು. ಅಮ್ಮಾವ್ರು ಸಂತೋಷದಿಂದ ಒಪ್ಪಿದರು.

ಪಾಠದ ಹಿಂದಿನ ದಿನ ಮಧ್ಯಾಹ್ನ ಅವಳು ತನ್ನ ದೊಡ್ಡ ಚಾರ್ಟನ್ನು ಜಗುಲಿಯ ಮೇಲೆ ಹರವಿ ನನಗೆ ಓದಿ ಹೇಳಿದಳು. ಎರಡು ಬೀಗ, ಎರಡು ಕೈ, ಬಾಣದ ಗುರುತುಗಳು, ಬಣ್ಣದ ಚೌಕಗಳು. ನನ್ನ ಎದೆ ಉಬ್ಬಿ ರವಿಕೆಯ ಗುಂಡಿ ಕಿತ್ತು ಹೋಗುವಂತಾಗಿತ್ತು. ನಡುಮಧ್ಯೆ ಕೆಂಪು ಅಕ್ಷರದಲ್ಲಿ ಬರೆದಿದ್ದಳು: ‘ಕೀ ಇಟ್ಟುಕೊಂಡವರಿಬ್ಬರಿಗೂ ಮಾತಿಲ್ಲ. ಆದ್ದರಿಂದ ಇಬ್ಬರೂ ಸೇರಿ ತಪ್ಪು ಮಾಡುವ ಅಪಾಯ ಇಲ್ಲ.’

“ಇದೇ ಅಜ್ಜಿ ನನ್ನ ಇಡೀ ವ್ಯವಸ್ಥೆಯ ಕಂಬ” ಎಂದಳು.

ಆ ಕಂಬ ಇಪ್ಪತ್ತು ವರ್ಷದಿಂದ ಟೊಳ್ಳು. ಮಾರನೆಯ ಬೆಳಿಗ್ಗೆ ಸ್ಟೋರಿನ ಬಾಗಿಲು ಓರೆ ಮಾಡಿ ಗಂಗಮ್ಮನಿಗೆ ಹೇಳಿದೆ.

“ಹೇಳ್ಬುಡಾಣ ಕಣೆ.”

“ನಿಂಗೇನ್ ತಲೆ ಕೆಟ್ಟೈತಾ? ಆ ಸರ್ ಎದ್ರಿಗೆ ಕೂಸಿನ ಮರ್ಯಾದೆ ಏನಾಗ್ಬೇಕು? ಇಪ್ಪತ್ತು ವರ್ಷ ಆಡಿದೀವಿ, ಇನ್ನೊಂದು ದಿನ ಆಡಿದ್ರೆ ಏನ್ ಗಂಟು ಹೋಗ್ತೈತೆ?”

“ಸುಳ್ಳನ್ನ ಪಾಠ ಮಾಡ್ದಂಗಾಗ್ತೈತೆ ಕಣೆ ನಮ್ಮ ಕೂಸು.”

“ಸುಳ್ಳು ನಮ್ದು. ಅವಳ್ದಲ್ಲ. ನೀನು ಬಾಯಿ ಮುಚ್ಕಂಡಿರು.”

ಬಾಯಿ ಮುಚ್ಚಿಕೊಂಡೇ ಹೋಗಿ ಕೂತೆ. ಸ್ಟೋರಿನ ಮುಂದಿನ ಕಣದಲ್ಲಿ ಸುತ್ತಲಿನ ಎಸ್ಟೇಟುಗಳ ರೈಟರುಗಳು, ಮೇಸ್ತ್ರಿಗಳು, ಕೂಲಿ ಲೈನಿನ ಹೆಂಗಸರು ಸೇರಿದ್ದರು. ಅಮ್ಮಾವ್ರಿಗೂ ಹಾಸನದ ಸರ್‌ಗೂ ಕುರ್ಚಿ. ನಮ್ಮಿಬ್ಬರಿಗೆ ಒಂದೇ ಬೆಂಚು. ಅದರ ಎರಡು ತುದಿಯಲ್ಲಿ ಕೂತು ಬೇರೆ ಬೇರೆ ದಿಕ್ಕು ನೋಡಿದೆವು. ಸಿಂಚನ ಪಾಠ ಶುರು ಮಾಡಿದಳು. ಏನು ಹೇಳಲಿ! ಒಂದು ಮಾತು ತೊದಲಲಿಲ್ಲ. ಗಂಡಸರ ಕಾಲದ ಕತೆ ಹೇಳಿ, “ಇಬ್ರೂ ಬೀಗರಾದ ಕೂಡ್ಲೇ ಆ ನಿಯಂತ್ರಣ ಬಿದ್ದುಹೋಯ್ತು. ನಿಜ ಹೇಳ್ಬೇಕಂದ್ರೆ ಅದು ಬಿದ್ದಿದ್ದಕ್ಕೇ ನಾನು ಹುಟ್ಟಿದ್ದು” ಎಂದಾಗ ಮೀಸೆ ಬಿಗಿದು ಕೂತಿದ್ದ ರೈಟರುಗಳೂ ಘೊಳ್ಳೆಂದು ನಕ್ಕರು. ಮೂಗಿಗೆ ಏಲಕ್ಕಿ ಹಾಕಿಕೊಂಡಿದ್ದ ಕೂಸು ಇದೇ ಏನು ಎಂದು ನನಗೆ ಕಣ್ಣು ಮಂಜಾಯಿತು. ನಾವಿಬ್ಬರೂ ಎದ್ದು, ಮುಖ ಸಿಂಡರಿಸಿಕೊಂಡು, ಬೀಗ ತೆಗೆದು ತೋರಿಸಿದೆವು. ಎಲ್ಲರೂ ಚಪ್ಪಾಳೆ ಹೊಡೆದರು.

ಆಗ ಸರ್, ಬಹಳ ಮೆತ್ತಗಿನ ಮನುಷ್ಯ, ಕನ್ನಡಕ ಒರೆಸಿಕೊಳ್ಳುತ್ತಾ ನನ್ನನ್ನೇ ಕೇಳಿದರು: “ಅಜ್ಜಿ, ನಿಮ್ಮಿಬ್ರಿಗೂ ನಿಜವಾಗ್ಲೂ ಮಾತಿಲ್ವಾ?”

ಸಿಂಚನ ನನ್ನ ಕಡೆ ನೋಡಿದಳು. ಸಣ್ಣವಳಿದ್ದಾಗ ಜಾರುವ ದಾರಿಯಲ್ಲಿ ನನ್ನ ಕೈ ಹಿಡಿದು ಕೆಳಗೆ ನೋಡದೆ ಹೆಜ್ಜೆ ಇಡುತ್ತಿದ್ದಳಲ್ಲ, ಅದೇ ನೋಟ. ಆ ನೋಟದ ಮುಂದೆ ನನ್ನ ನಾಟಕ ನಡೆಯಲಿಲ್ಲ.

“ಮಾತೈತೆ ಸಾರ್,” ಎಂದೆ. “ಇಪ್ಪತ್ತು ವರ್ಷದಿಂದ ಐತೆ. ಒಳಗೆ ಮಾತು, ಹೊರಗೆ ಜಗಳ. ಈ ಮಗೀಗೆ ಗೊತ್ತಿಲ್ಲ. ತಪ್ಪು ನಮ್ದು.”

ಗಂಗಮ್ಮ ತಲೆಗೆ ಕೈ ಹೊಡೆದುಕೊಂಡು, “ಇವಳ ಬಾಯಿಗೆ ಹಾಕೋ ಬೀಗ ಇನ್ನೂ ಯಾರೂ ಮಾಡಿಲ್ಲ ಮಾರಾಯ್ರೇ!” ಎಂದಳು. ಯಾರೂ ನಗಲಿಲ್ಲ. ಸಿಂಚನಳ ಕಿವಿ ಕೆಂಪಾಯಿತು. ಚಾರ್ಟಿನ ನಡುವಿನ ಕೆಂಪು ಅಕ್ಷರವನ್ನೇ ನೋಡುತ್ತಾ ನಿಂತಳು. ಮೊಮ್ಮಗಳ ಪಾಠವನ್ನೂ ಅವಳ ಮುಂದಿನ ತಿಂಗಳನ್ನೂ ನಾನೇ ನನ್ನ ಕೈಯಾರೆ ಹಾಳು ಮಾಡಿದೆ ಎಂದುಕೊಂಡು ನೆಲ ನೋಡಿದೆ.

ಅವಳು ಅಳಲಿಲ್ಲ. ಪೆನ್ನು ತೆಗೆದು ಆ ಕೆಂಪು ಸಾಲನ್ನು ಉದ್ದಕ್ಕೂ ಹೊಡೆದುಹಾಕಿದಳು. ಆಮೇಲೆ ನಮ್ಮ ಕಡೆ ತಿರುಗಿ, ಮೊಮ್ಮಗಳ ದನಿಯಲ್ಲಲ್ಲ, ಪಾಠ ಮಾಡುವವರ ದನಿಯಲ್ಲಿ ಕೇಳಿದಳು: “ಹಂಗಾದ್ರೆ ಮಾತಾದ ಮೇಲೂ ಸಂಜೆ ಹೊತ್ತು ಸೆರಗು ಕೊಡವೋದನ್ನ ಯಾಕೆ ಬಿಡ್ಲಿಲ್ಲ ನೀವು?”

ಇದನ್ನು ನಾವೇ ಯಾವತ್ತೂ ಯೋಚಿಸಿರಲಿಲ್ಲ. ಉತ್ತರ ಕೊಟ್ಟವಳು ಗಂಗಮ್ಮ.

“ಮೊದ್ಲು ಇವಳು ಕದೀತಾಳೇನೋ ಅಂತ ನೋಡ್ತಿದ್ದೆ ಕಣವ್ವ. ಆಮೇಲೆ, ನಾಳೆ ದಿನ ಕಾಯಿ ಕಮ್ಮಿ ಬಂದು ಯಾರಾದ್ರೂ ಪುಟ್ಟಮ್ಮನ ಮೇಲೆ ಬೆರಳು ತೋರ್ಸಿದ್ರೆ? ಆಗ ನಾನು ಎದೆ ಕೊಟ್ಟು, ಇಲ್ಲ, ದಿನಾ ನಾನೇ ನೋಡಿದೀನಿ ಅಂತ ಹೇಳ್ಬೇಕಲ್ಲ. ಅದಕ್ಕೇ ನೋಡ್ತಿದ್ದೆ.”

ನಾನು ನೋಡುತ್ತಿದ್ದುದೂ ಅದಕ್ಕೇ, ಹೇಳಲು ಬಂದಿರಲಿಲ್ಲ. ಕುರ್ಚಿಯಲ್ಲಿದ್ದ ಅಮ್ಮಾವ್ರು ಆಗ ಬಾಯಿ ಬಿಟ್ಟರು: “ನಿಮ್ಮ ನಗು ಬಂಗಲೆ ಜಗುಲಿವರೆಗೂ ಕೇಳ್ತಿತ್ತು ಕಣ್ರೇ. ನಂಗೆ ಗೊತ್ತಾಗಿ ಬಹಳ ವರ್ಷ ಆಯ್ತು. ಸಂಜೆ ಸೆರಗು ಕೊಡವೋದು ಕಾಣೋ ತನಕ ಕೀ ಅಲ್ಲೇ ಇರ್ಲಿ ಅಂತ ಸುಮ್ನಿದ್ದೆ.” ಇಪ್ಪತ್ತು ವರ್ಷ ನಾವು ಆಡಿದ ನಾಟಕಕ್ಕೆ ಒಬ್ಬರೇ ಪ್ರೇಕ್ಷಕರು ಇದ್ದರು, ಅವರೂ ಮೊದಲೇ ಕತೆ ತಿಳಿದವರು! ನಾಚಿಕೆಯೆಂದರೆ ನಾಚಿಕೆ.

ಸಿಂಚನ ಹೊಡೆದುಹಾಕಿದ ಸಾಲಿನ ಕೆಳಗೆ ಹೊಸದಾಗಿ ಬರೆಯತೊಡಗಿದಳು; ಬರೆಯುತ್ತಲೇ ಜನಕ್ಕೆ ಹೇಳಿದಳು. ಜಗಳವನ್ನು ನಂಬಿ ವ್ಯವಸ್ಥೆ ಕಟ್ಟಬಾರದು, ಜಗಳ ಯಾವತ್ತು ಬೇಕಾದರೂ ಮುಗಿಯಬಹುದು. ಒಬ್ಬರನ್ನೊಬ್ಬರು ನೋಡುವುದು ಅನುಮಾನಕ್ಕಲ್ಲ, ನೆಟ್ಟಗಿರುವವರನ್ನು ಕಾಯುವುದಕ್ಕೆ. ಅದಾದ ಮೇಲೆ, “ಆದ್ರೆ ಸಂಬಂಧಿಕರಿಬ್ಬರ ಕೈಲಿ ಎರಡೂ ಕೀ ಇರ್ಬಾರ್ದು. ಅವರು ಎಷ್ಟೇ ಒಳ್ಳೆಯವರಾಗಿದ್ರೂ. ನಮ್ಮ ಅಜ್ಜಿಯಂದಿರಾಗಿದ್ರೂ” ಎಂದು, ಜನರ ಮಧ್ಯದಿಂದ ನಡೆದು ಬಂದು, ನನ್ನ ಮುಂದೆ ಕೈ ಚಾಚಿ ನಿಂತಳು.

“ಕೊಡಿ ಅಜ್ಜಿ.”

ಸೊಂಟದಿಂದ ಕೀ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಅಮ್ಮಾವ್ರಿಗೆ ಕೊಟ್ಟಳು. ನೋಡಿ, ಮೊಮ್ಮಕ್ಕಳು ಅಜ್ಜಿಯಿಂದ ಏನೇನೋ ಕೇಳಿ ಪಡೆಯುತ್ತಾರೆ; ನಾಲ್ಕು ಜನರೆದುರು ಅಜ್ಜಿಯ ಅಧಿಕಾರವನ್ನೇ ಕೇಳಿ ಪಡೆಯುವಷ್ಟು ನೆಟ್ಟಗೆ ಬೆಳೆದ ಮೊಮ್ಮಗಳು ಎಷ್ಟು ಜನಕ್ಕೆ ಉಂಟು? ಸರ್ ತಮ್ಮ ಪುಸ್ತಕದಲ್ಲಿ ಏನೋ ಬರೆದು ಮುಚ್ಚಿ, “ಚಾರ್ಟು ಚೆನ್ನಾಗಿ ಬರೆಯೋರು ಬಹಳ ಜನ ಸಿಗ್ತಾರೆ ಸಿಂಚನಾ. ಎಲ್ಲರ ಎದುರಿಗೆ ತಪ್ಪನ್ನ ಹೊಡೆದುಹಾಕೋರು ಕಮ್ಮಿ. ಮುಂದಿನ ತಿಂಗಳ ಕ್ಲಾಸು ನಿಮ್ದೇ” ಎಂದರು. ಗಂಗಮ್ಮ ಬೆಂಚಿನ ಆ ತುದಿಯಿಂದ ಸರಿದು ಸರಿದು ಬಂದು, ಎಲ್ಲರಿಗೂ ಕಾಣುವಂತೆ, ನನ್ನ ತೊಡೆಗೆ ಒಂದು ಹೊಡೆದಳು.

ಈಗ ಕೆಳಗಿನ ಕೀ ಲೈನಿನ ಶಾಂತಳ ಹತ್ತಿರ ಇದೆ. ನಮಗೆ ಯಾವ ಸಂಬಂಧವೂ ಅಲ್ಲದ ಹೆಣ್ಣುಮಗಳು. ನಾನು ಕಾಯಿ ಆರಿಸುವುದಕ್ಕೆ ಮಾತ್ರ ಹೋಗುತ್ತೇನೆ. ಗಂಗಮ್ಮನೂ ನಾನೂ ರಸ್ತೆಯಲ್ಲೇ ಮಾತಾಡಿಕೊಂಡು ಬರುವುದನ್ನು ಕಂಡು ನಮ್ಮ ಗಂಡಂದಿರಿಗೆ ಗಾಬರಿಯಾಗಿದೆ. ಸಂಜೆ ಮೂವರೂ ಮೊರದ ಮೇಲೆ ಸೆರಗು ಕೊಡವುತ್ತೇವೆ. ಹೊರಡುವಾಗ ನನ್ನ ಕೈ ತಾನಾಗಿಯೇ ಸೊಂಟ ತಡವುತ್ತದೆ, ಏನೂ ಸಿಗದೆ ವಾಪಸು ಬರುತ್ತದೆ.

ಸಿಂಚನ ಟ್ರೈನರ್ ಆಗಿ ಮೊದಲ ಕ್ಲಾಸು ಮುಗಿಸಿದ ದಿನ ನನಗೊಂದು ಹೊಸ ಸೀರೆ ತಂದಳು, ಮಳೆ ನಿಂತ ಮೇಲಿನ ಎಲೆಯ ಬಣ್ಣದ್ದು. “ಇನ್ನು ಇದು ಅಲ್ಲಿ ಹರಿಯಲ್ಲ ಬಿಡಿ ಅಜ್ಜಿ” ಎಂದಳು. ನಾನೂ ಹಾಗೆಯೇ ಅಂದುಕೊಂಡೆ. ಆದರೆ ಅವಳು ವಾರಕ್ಕೊಮ್ಮೆ ಹಾಸನದಿಂದ ಬಂದವಳೇ ಬ್ಯಾಗನ್ನೂ ಇಳಿಸದೆ ಓಡಿ ಬಂದು, ಚಿಕ್ಕಂದಿನಲ್ಲಿ ತಾನು ಏರಿ ಕೂರುತ್ತಿದ್ದ ಆ ಎಡಸೊಂಟವನ್ನೇ ಎರಡೂ ಕೈಯಿಂದ ಬಿಗಿದು ಹಿಡಿದು ತೂಗಾಡುತ್ತಾಳೆ. ಮೊನ್ನೆ ಸೀರೆಯನ್ನು ಒಗೆದು ಬೆಳಕಿಗೆ ಹಿಡಿದು ನೋಡಿದೆ. ಅಲ್ಲೇ, ಅದೇ ಅಂಗೈಯಗಲ ಜಾಗದಲ್ಲಿ, ಎಳೆ ಆಗಲೇ ಸಡಿಲವಾಗುತ್ತಿದೆ.